ಮೊಲದ ಮೊಟ್ಟೆ: ಒಂದು ಪ್ರಮಾಣಬದ್ಧ ಜಿಜ್ಞಾಸೆ

ನಮ್ಮ ತರ್ಕಶಾಸ್ತ್ರಿಗಳಿಗೆ ಇಲ್ಲದ ವಸ್ತುವಿನ ಉದಾಹರಣೆ ಬೇಕಾದಾಗಲೆಲ್ಲ ಅವರು ಮೊಲದ ತಲೆಗೇ ಕೈ ಹಾಕಿದರು. ಶಶವಿಷಾಣ, ಅಂದರೆ ಮೊಲದ ಕೋಡು. ಮೊಲವನ್ನು ತಲೆಯ ಕಡೆಯಿಂದಷ್ಟೇ ನೋಡಿದ ಈ ಮಹನೀಯರು ಹಿಂಭಾಗವನ್ನು ಪರಿಶೀಲಿಸಲೇ ಇಲ್ಲ. ಆ ಕೊರತೆ ತುಂಬುವುದೇ ಈ ಪ್ರಬಂಧದ ಉದ್ದೇಶ. ಆಕರ: ಹಳೆಯ ಕಾರ್ಟೂನುಗಳು. ಸಲಕರಣೆ: ಒಂದು ಟಿವಿ, ಒಂದು ಡಬ್ಬಿ ಕೋಡುಬಳೆ.

ಮೊದಲು ಶಬ್ದಪ್ರಮಾಣ. ಜರ್ಮನಿಯ ವೈದ್ಯ ಗಿಯೋರ್ಗ್ ಫ್ರಾಂಕ್ ಫಾನ್ ಫ್ರಾಂಕೆನಾವ್ 1682ರಲ್ಲಿ ಈಸ್ಟರ್ ಮೊಟ್ಟೆಗಳ ಮೇಲೆ ಒಂದು ಪ್ರಬಂಧವನ್ನೇ ಬರೆದ (ಅದು ಅಣಕವಲ್ಲ, ದೇವರಾಣೆ). ಅಲ್ಸೇಸ್ ಸೀಮೆಯ ಮೊಲ ಮೊಟ್ಟೆಗಳನ್ನು ಬಚ್ಚಿಡುತ್ತದೆಂಬ ನಂಬಿಕೆಯನ್ನು ದಾಖಲಿಸಿ, ಮೊಟ್ಟೆ ಅತಿಯಾಗಿ ತಿಂದರೆ ಒಳ್ಳೆಯದಲ್ಲವೆಂದೂ ಎಚ್ಚರಿಸಿದ. ಡಾಕ್ಟರಲ್ಲವೇ, ಇಟ್ಟದ್ದು ಯಾರೆನ್ನುವುದಕ್ಕಿಂತ ರೋಗಿ ಎಷ್ಟು ತಿಂದ ಎನ್ನುವುದೇ ಮುಖ್ಯ. ಮುಂದೆ ಜರ್ಮನ್ ವಲಸಿಗರು ಈ ಮೊಲವನ್ನು ಪೆನ್ಸಿಲ್ವೇನಿಯಾಕ್ಕೆ ಕರೆದೊಯ್ದರು. ಅಲ್ಲಿಂದ ಹಾಲಿವುಡ್ಡಿಗೆ ರೈಲು ಸಿಕ್ಕಿರಬೇಕು.

ಇನ್ನು ಪ್ರತ್ಯಕ್ಷ. ಡಿಸ್ನಿಯ 'ಫನ್ನಿ ಲಿಟಲ್ ಬನ್ನೀಸ್' (1934) ಚಿತ್ರದಲ್ಲಿ ಮೊಲಗಳು ಮೊಟ್ಟೆಗೆ ಬಣ್ಣ ಬಳಿಯುತ್ತವೆ. ಸುಣ್ಣಬಣ್ಣದ ಕಾಂಟ್ರಾಕ್ಟು ಹಿಡಿದವನೇ ಮನೆ ಕಟ್ಟಿದ ಎನ್ನಲಾದೀತೇ? ಇದಕ್ಕಿಂತ ಗಟ್ಟಿ ಸಾಕ್ಷ್ಯ ರಾಬರ್ಟ್ ಮೆಕಿಮ್ಸನ್ ನಿರ್ದೇಶಿಸಿದ 'ಈಸ್ಟರ್ ಯೆಗ್ಸ್' (1947). ಅದರಲ್ಲಿ ಅಧಿಕೃತ ಈಸ್ಟರ್ ಮೊಲ ಕಾಲು ನೋವೆಂದು ಅಳುತ್ತ ಕೂತಿರುತ್ತದೆ. ಕನಿಕರಪಟ್ಟ ಬಗ್ಸ್ ಬನ್ನಿ ಬುಟ್ಟಿ ಹೊರುತ್ತಾನೆ. ಆದರೆ ನೋವು ನಾಟಕ. ಪ್ರತಿ ವರ್ಷ ಯಾವನಾದರೊಬ್ಬ ಪೆದ್ದನ ತಲೆಗೆ ಕೆಲಸ ಕಟ್ಟಿ ಆರಾಮಾಗಿ ಇರುವುದೇ ಆ ಮೊಲದ ವೃತ್ತಿ. ಮೊದಲ ಮನೆಯಲ್ಲೇ ಕೆಂಗೂದಲ ಪುಂಡ ಹುಡುಗನೊಬ್ಬ ಬಗ್ಸನನ್ನು ಚಚ್ಚುತ್ತಾನೆ. ಅತ್ತ ಬೇಟೆಗಾರ ಎಲ್ಮರ್ ಫಡ್ ಈಸ್ಟರ್ ಮೊಲದ ಸಾರಿಗಾಗಿ ಕಾದಿದ್ದಾನೆ. ಹೆರುವುದಿರಲಿ, ಈ ಜಾತಿಗೆ ಹೊರುವುದೂ ಆಗದು ಎಂಬುದು ಇಲ್ಲಿ ಸಿದ್ಧ. ಕೊನೆಯಲ್ಲಿ ಬಗ್ಸ್ ಒಪ್ಪಿಸುವ ಒಂದು ಮೊಟ್ಟೆ ಢಂ ಎಂದು ಸಿಡಿಯುತ್ತದೆ. ಮೊಲದ ಕೈಯಿಂದಲೇ ಬಂದ ಮೊಟ್ಟೆಯ ಗುಣಮಟ್ಟ ಅದು.

ಕಾಲದ ಆಕ್ಷೇಪವೂ ಉಂಟು. ಆ ವರ್ಷ ಈಸ್ಟರ್ ಬಂದದ್ದು ಏಪ್ರಿಲ್ 6ಕ್ಕೆ, ಚಿತ್ರ ಬಂದದ್ದು ಜೂನ್ 28ಕ್ಕೆ. ಮೊಲದ ಗರ್ಭಾವಧಿ ಒಂದು ತಿಂಗಳು. ಲೆಕ್ಕ ಓದುಗರಿಗೇ ಬಿಟ್ಟದ್ದು.

ಬಗ್ಸ್ ಯಾವ ಜಾತಿ ಎಂಬ ವಿವಾದವನ್ನು ಇಂಗ್ಲಿಷಿನವರು ಇನ್ನೂ ಎಳೆಯುತ್ತಿದ್ದಾರೆ. ಹೆಸರು 'ಬನ್ನಿ', ವಾಸ ಬಿಲದಲ್ಲಿ. 1940ರ ಟೆಕ್ಸ್ ಆವೆರಿಯ ಚಿತ್ರದ ಹೆಸರು ಮಾತ್ರ 'ಎ ವೈಲ್ಡ್ ಹೇರ್'. ಹೇರ್ ಬಿಲ ತೋಡುವುದಿಲ್ಲ. ಅದರ ಮರಿ ಕಣ್ಣು ಬಿಟ್ಟೇ ಹುಟ್ಟುತ್ತದೆ. ರ‍್ಯಾಬಿಟ್ ಮರಿ ಬರಿಮೈ, ಕುರುಡು. ಕನ್ನಡದಲ್ಲಿ ಎರಡೂ ಮೊಲವೇ, ಕೇಸು ವಜಾ. ಕ್ಯಾರೆಟ್ಟಿನ ಪ್ರಶ್ನೆಯೂ ಹಾಗೇ: ನಿಜವಾದ ಮೊಲದ ಊಟ ಹುಲ್ಲು ಸೊಪ್ಪು. ಕಟುಂ ಕಟುಂ ಸದ್ದಿಗಾಗಿ ಮೈಕಿನ ಮುಂದೆ ಕ್ಯಾರೆಟ್ ಅಗಿದು ಉಗಿದವನು ಬಗ್ಸನ ಕಂಠದಾನಿ ಮೆಲ್ ಬ್ಲಾಂಕ್.

ಈಗ ಅನುಮಾನ. ಈಸ್ಟರ್ ಎಂದರೆ ವಸಂತ ವಿಷುವದ ನಂತರದ ಹುಣ್ಣಿಮೆ ಕಳೆದ ಮೊದಲ ಭಾನುವಾರ. ಹುಣ್ಣಿಮೆ ಚಂದ್ರನ ಹೊಟ್ಟೆಯಲ್ಲಿ ಏನಿದೆ? ಶಶಾಂಕನೆಂದು ಹೆಸರಿಟ್ಟ ನಮ್ಮನ್ನು ಕೇಳಿ. ಅಂದಮೇಲೆ ಬೆಳ್ಳಗೆ ದುಂಡಗಿನದು ಮೊಲವನ್ನು ಹೊತ್ತಿದೆಯೇ ಹೊರತು ಮೊಲ ಅದನ್ನು ಹೊತ್ತಿಲ್ಲ. ಈ ಸೂಕ್ಷ್ಮಕ್ಕೆ ಪಿಎಚ್‌ಡಿ ಕೊಡದಿದ್ದರೂ ಬೇಸರವಿಲ್ಲ.

ಪೂರ್ವಪಕ್ಷಿಗಳು 2011ರ 'ಹಾಪ್' ಚಿತ್ರವನ್ನು ಮುಂದೊಡ್ಡುತ್ತಾರೆ. ಅದರ ಮೊಲ ಹಿಂಭಾಗದಿಂದ ಬಣ್ಣಬಣ್ಣದ ಏನನ್ನೋ ಉದುರಿಸುವುದು ನಿಜ. ಹಿಂದಕ್ಕೆ ಓಡಿಸಿ ಎರಡೆರಡು ಸಲ ನೋಡಿದೆ. ಜೆಲ್ಲಿ ಬೀನ್ಸ್. ಅದೇ ಚಿತ್ರದಲ್ಲಿ ಕಾರ್ಲೋಸ್ ಎಂಬ ಕೋಳಿಮರಿ, ಈಸ್ಟರ್ ಗದ್ದುಗೆ ತನಗೇ ಸಲ್ಲಬೇಕೆಂದು ದಂಗೆ ಏಳುತ್ತದೆ. ಇಡೀ ಮೊಕದ್ದಮೆಯಲ್ಲಿ ಮೊಟ್ಟೆಯನ್ನು ಒಳಗಿನಿಂದ ಕಂಡುಬಂದ ಸಾಕ್ಷಿ ಅದೊಂದೇ. ಅದನ್ನೇ ಖಳನಾಯಕ ಮಾಡಿಬಿಟ್ಟರು.