ಕಾಂಪೌಂಡ್ ಬಿಲ್ಲು

ಸೋದರಳಿಯ ಕಳಿಸಿದ ವಾಟ್ಸಾಪ್ ಸಂದೇಶವನ್ನು ನನಗಿಂತ ಮೊದಲು ಓದಿದವಳು ನನ್ನ ಹೆಂಡತಿ. 'ಮಾವ, ಕಾಂಪೌಂಡ್ ಬಿಲ್ಲು 75 ಸಾವಿರ. ನಿಮಗೆ ಅಂತ ಇಷ್ಟು.'

"ರೀ, ನಮ್ಮ ಕಾಂಪೌಂಡು ಇರೋದೇ ಹದಿನೆಂಟು ಅಡಿ. ಅದಕ್ಕೆ ಎಪ್ಪತ್ತೈದು ಸಾವಿರ ಕೇಳಿದ ಗಾರೆಯವನು ಯಾರು? ಅದರ ಬಿಲ್ಲು ಇವನ ಹತ್ತಿರ ಯಾಕೆ ಹೋಯ್ತು?"

ಹಲಸೂರಿನ ನಮ್ಮ ಮನೆಯ ಗೋಡೆ ಹೋದ ಮಳೆಗಾಲದಿಂದ ಪಕ್ಕದ ಮನೆಯವರ ಮಾತು ಕೇಳಿಸಿಕೊಳ್ಳುವವರಂತೆ ಆ ಕಡೆಗೇ ವಾಲಿ ನಿಂತಿದೆ. ಹಾಗಾಗಿ ಅವಳ ಅನುಮಾನ ಸಹಜವೇ. ಇದು ಕಟ್ಟುವ ಬಿಲ್ಲಲ್ಲ, ಹೊಡೆಯುವ ಬಿಲ್ಲು ಎಂದು ಬಿಡಿಸಿ ಹೇಳಿದೆ. ಗೋಡೆಯದೇ ಆಗಿದ್ದರೆ ಚೆನ್ನಾಗಿತ್ತು ಎಂಬಂತೆ ಮುಖ ಮಾಡಿ ಒಳಗೆ ಹೋದಳು.

ಅಳಿಯ ಎರಡು ವರ್ಷ ಪೆನ್ಸಿಲ್ವೇನಿಯಾದಲ್ಲಿದ್ದ. ಅಲ್ಲಿ ಎಲೆ ಉದುರುವ ಕಾಲ ಬಂತೆಂದರೆ ಲೈಸೆನ್ಸ್ ಮಾಡಿಸಿಕೊಂಡು ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುವುದು ರೂಢಿ. ಆಫೀಸಿನವರೆಲ್ಲ ಹೋಗುತ್ತಾರೆಂದು, ಜಿರಲೆ ಕಂಡರೆ ಕುರ್ಚಿ ಹತ್ತುವ ಈ ಹುಡುಗನೂ ಒಂದು ಬಿಲ್ಲು ಕೊಂಡ. ಬರೀ ಬಿಲ್ಲಿಗೇ 1,200 ಡಾಲರಿಗಿಂತ ಮೇಲೆ. ಗುರಿ ನೋಡುವ ಸೈಟು, ಬಾಣ ಕೂರಿಸುವ ರೆಸ್ಟು, ಹೆದೆ ಬಿಡುವ ಗುಂಡಿಯಂತ್ರ, ಬಾಣ, ಪೆಟ್ಟಿಗೆ ಎಲ್ಲಕ್ಕೂ ಬೇರೆ ಬೇರೆ ದುಡ್ಡು. ಅರ್ಜುನನ ಅದೃಷ್ಟ ನೋಡಿ, ಖಾಂಡವದಹನದ ಹೊತ್ತಿನಲ್ಲಿ ಗಾಂಡೀವದ ಜೊತೆಗೆ ಬಾಣ ಮುಗಿಯದ ಬತ್ತಳಿಕೆಯೂ ಬಂತು. ಅಂಥ ಆಫರು ಆಮೇಲೆ ಯಾವ ಕಂಪನಿಯೂ ಕೊಟ್ಟಿಲ್ಲ.

ನನಗೇಕೆ ಬೇಕಿತ್ತು? ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೆನೆತ್ ಆಂಡರ್ಸನ್‌ರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ 'ಕಾಡಿನ ಕಥೆಗಳು' ಓದಿದ್ದೆ. ಆಂಡರ್ಸನ್ ಬೆಂಗಳೂರಿನವರೇ, ಹೊಟ್ಟೆಪಾಡಿಗೆ ಇದೇ ಪೂರ್ವ ದಿಕ್ಕಿನ ವಿಮಾನ ಕಾರ್ಖಾನೆಯಲ್ಲಿ ಅಧಿಕಾರಿಯಾಗಿದ್ದವರು. ಹಗಲು ಕಾರ್ಖಾನೆ, ರಾತ್ರಿ ಮಚಾನು ಎಂಬ ಆ ಬದುಕು ನನ್ನಂಥ ಗುಮಾಸ್ತನ ತಲೆ ಕೆಡಿಸಿತು. ತಪ್ಪು ಅವರಿಬ್ಬರದೂ ಅಲ್ಲ, ಓದಿದ ನನ್ನದು. ಆಂಡರ್ಸನ್ ಹಿಡಿದದ್ದು .405 ವಿಂಚೆಸ್ಟರ್ ಕೋವಿ, ಬಿಲ್ಲಲ್ಲ ಎಂಬುದೂ ಆಗ ಹೊಳೆಯಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಹವ್ಯಾಸದ ಬೇಟೆಯೇ ಮುಗಿದ ಕಥೆ ಎಂಬುದು ಹೊಳೆದಿತ್ತು, ಆದರೆ ಅಡ್ಡಿಯೆನಿಸಲಿಲ್ಲ. 2016ರ ಫೆಬ್ರುವರಿಯಲ್ಲಿ ಕುಂದಲಹಳ್ಳಿಯ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗಲೂ ಅರಿವಳಿಕೆ ಮದ್ದು ಹೊಡೆದೇ ಹಿಡಿದರು. ಹಲಸೂರಿನಿಂದ ಯಾರನ್ನೂ ಕರೆಸಲಿಲ್ಲ.

ಬಿಲ್ಲು ತರಲು ಕೆ.ಆರ್. ಪುರದ ಅವನ ಅಪಾರ್ಟ್‌ಮೆಂಟಿಗೆ ಹೋದೆ. ಗೇಟಿನಲ್ಲಿ ಮಾಲೂರು ಕಡೆಯ ಸೆಕ್ಯೂರಿಟಿಯವರು ಪೆಟ್ಟಿಗೆ ತಟ್ಟಿ ನೋಡಿದರು.

"ಒಳಗೇನಿದೆ ಸಾರ್?"

"ಬಿಲ್ಲು."

"ಬಿಲ್ಲಿರ್ಲಿ ಸಾರ್, ಸಾಮಾನೇನು?"

ಪೆಟ್ಟಿಗೆ ತೆರೆದೆ. ಬಿಲ್ಲಿನ ಮೈತುಂಬ ಅಮೆರಿಕದ ಎಲೆ, ತೊಗಟೆಗಳ ಚಿತ್ರ. ಬೇಟೆಗಾರ ಕಾಡಿನಲ್ಲಿ ಕಾಣದಂತಿರಲು ಬಳಿದ ಬಣ್ಣವಂತೆ. ಕೆ.ಆರ್. ಪುರದಲ್ಲಿ ಕಾಣದಂತಿರಬೇಕಾದರೆ ಟಿನ್ ಶೀಟು, ಫ್ಲೆಕ್ಸು, ಮೆಟ್ರೋ ಕಂಬಗಳ ಚಿತ್ರ ಬರೆಸಬೇಕಿತ್ತು. ಆಟೋದಲ್ಲಿ ತೂಗುಸೇತುವೆ ದಾಟುವಷ್ಟರಲ್ಲಿ ಮುಕ್ಕಾಲು ಗಂಟೆ. ತೊಡೆಯ ಮೇಲೆ ಗಂಟೆಗೆ 373 ಕಿಲೋಮೀಟರ್ ವೇಗದಲ್ಲಿ ಬಾಣ ಬಿಡುವ ಯಂತ್ರವಿತ್ತು.

ಆ 373ರ ಗುಟ್ಟು ಬಯಲಾದದ್ದು ಕಮರ್ಷಿಯಲ್ ಸ್ಟ್ರೀಟಿನ ಓಣಿಯ ದರ್ಜಿಯ ಅಂಗಡಿಯಲ್ಲಿ. ಬಿಲ್ಲನ್ನು ಎಷ್ಟು ಉದ್ದಕ್ಕೆ ಎಳೆಯಬೇಕೆಂಬುದಕ್ಕೆ ಒಂದು ಲೆಕ್ಕವಿದೆ: ಎರಡೂ ಕೈ ಚಾಚಿ, ಬೆರಳ ತುದಿಯಿಂದ ಬೆರಳ ತುದಿಗೆ ಅಳೆದು, ಎರಡೂವರೆಯಿಂದ ಭಾಗಿಸಬೇಕು. ಶಿಲುಬೆಯಂತೆ ನಿಂತ ನನ್ನನ್ನು ಕಂಡು ದರ್ಜಿ "ಶೇರ್ವಾನಿನಾ ಸಾರ್?" ಎಂದು ಕೇಳಿದ. ಬಿಲ್ಲಿಗೆ ಎಂದೆ. "ಬಿಲ್ಲು ಆಮೇಲೆ ಕೊಡ್ತೀನಿ, ಮೊದ್ಲು ಅಳ್ತೆ" ಎಂದ. ಈ ಭಾಷೆಯಲ್ಲಿ ಧನುರ್ವಿದ್ಯೆ ಕಲಿಯುವುದು ಕಷ್ಟ.

ಅಳತೆ 66 ಇಂಚು, ಎರಡೂವರೆಯಿಂದ ಭಾಗಿಸಿದರೆ 26.4. ಕಂಪನಿಯವರು ಜಾಹೀರಾತಿನಲ್ಲಿ ಹೇಳುವ ವೇಗವೋ, 30 ಇಂಚು ಎಳೆಯುವ ತೋಳು, 70 ಪೌಂಡ್ ಬಿಗಿ, 23 ಗ್ರಾಂ ತೂಗುವ ಹಗುರ ಬಾಣ ಇವು ಮೂರೂ ಕೂಡಿದಾಗ ಬರುವಂಥದು. ಎಳೆತ ಒಂದು ಇಂಚು ಕಡಿಮೆಯಾದರೆ ವೇಗ ಸೆಕೆಂಡಿಗೆ ಸುಮಾರು ಹತ್ತು ಅಡಿ ಇಳಿಯುತ್ತದೆ. ಸ್ಕೂಟರಿನ ಮೈಲೇಜಿನ ಹಾಗೆಯೇ ಇದು: ಅವರ ರಸ್ತೆಯಲ್ಲಿ ಅರವತ್ತು, ನಮ್ಮ ಸವಾರಿಯಲ್ಲಿ ನಲವತ್ತು. ಕೈ ಗಿಡ್ಡವೆಂದು ದುಡ್ಡಿನಲ್ಲೇನೂ ರಿಯಾಯಿತಿಯಿಲ್ಲ.

ಎಪ್ಪತ್ತು ಪೌಂಡೆಂದರೆ ಸುಮಾರು 32 ಕಿಲೋ. ಇಪ್ಪತ್ತೈದು ಕಿಲೋ ಅಕ್ಕಿ ಮೂಟೆಯ ಮೇಲೆ ಏಳು ಕಿಲೋ ಬೇಳೆಯಿಟ್ಟು ಮೂರು ಬೆರಳಿನಲ್ಲಿ ಎಳೆದ ಹಾಗೆ. ಆದರೆ ಈ ಬಿಲ್ಲಿನ ಎರಡು ತುದಿಗಳಲ್ಲೂ ವಕ್ರವಾದ ಗಾಲಿಗಳಿವೆ, ಕ್ಯಾಮ್ ಎನ್ನುತ್ತಾರೆ. ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಆಲೆನ್ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಯುಕ್ತಿ. ಎಳೆತ ಮುಗಿಯುವ ಹತ್ತಿರ ಬರುವವರೆಗೆ ಪೂರ್ತಿ ಭಾರ. ಆಮೇಲೆ ಗಾಲಿ ಹೊರಳಿ, ಕೈಗೆ ಉಳಿಯುವುದು ಆರು ಕಿಲೋ ಚಿಲ್ಲರೆ. ಶಿವಾಜಿನಗರದಲ್ಲಿ ಬಸ್ಸು ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ಫುಟ್‌ಬೋರ್ಡ್ ದಾಟುವವರೆಗೆ ಪ್ರಾಣ ಹೋಗುತ್ತದೆ. ಒಳಗೆ ಸೇರಿಕೊಂಡ ಮೇಲೆ ನೀವು ನಿಲ್ಲಬೇಕಿಲ್ಲ, ಜನವೇ ನಿಲ್ಲಿಸಿಕೊಂಡಿರುತ್ತಾರೆ.

ನಾನು ಫುಟ್‌ಬೋರ್ಡಿನಲ್ಲೇ ಉಳಿದೆ. ಅಳಿಯನ ಬಿಲ್ಲನ್ನು ಎಷ್ಟು ಸಡಿಲಿಸಿದರೂ 60 ಪೌಂಡಿಗಿಂತ ಕೆಳಗಿಳಿಯದು. ಅದೇನು ಬಿಲ್ಲಿನ ದೋಷವಲ್ಲ. ಜಿಂಕೆಯ ಎದೆ ತೂರಲು ಮಾಡಿದ್ದು, ನಿವೃತ್ತ ಗುಮಾಸ್ತನ ಬೆನ್ನಿಗೆಂದು ಮಾಡಿದ್ದಲ್ಲ. ಬೆನ್ನು ಹಿಡಿದುಕೊಂಡು ಇಂದಿರಾನಗರದ ತಾರಸಿಯೊಂದರ ಬಿಲ್ಲುಗಾರಿಕೆ ಕೇಂದ್ರಕ್ಕೆ ಹೋದೆ. ದ್ರೋಣರಿಗೆ ಇಪ್ಪತ್ತೆರಡು ವರ್ಷ, ಕಿವಿಯಲ್ಲಿ ಓಲೆ. ಗಂಟೆಗಿಷ್ಟು ಎಂದು ಫೀಸು. ಹೆಬ್ಬೆರಳು ಕೇಳಲಿಲ್ಲ, ಯುಪಿಐ ಮಾಡಲು ಅದು ಬೇಕಲ್ಲ.

ನನ್ನ ಬಿಲ್ಲನ್ನು ಮಗು ಎತ್ತಿಕೊಂಡಂತೆ ಎತ್ತಿಕೊಂಡು ಮೆಚ್ಚಿದರು. ನಾನೂ ಹಿಗ್ಗಿ, 'ಬಭ್ರುವಾಹನ'ದ ರಾಜ್‌ಕುಮಾರರನ್ನು ನೆನೆದು, ಬಾಣವಿಲ್ಲದೆಯೇ ಹೆದೆ ಮಿಡಿದು ಒಂದು ಟಂಕಾರ ಮಾಡೋಣವೆಂದು ಕೈಹಾಕಿದೆ.

"ಅಂಕಲ್! ಬಿಡಬೇಡಿ!"

ಬಾಣವಿಲ್ಲದೆ ಹೆದೆ ಬಿಟ್ಟರೆ ಅಷ್ಟೂ ಶಕ್ತಿ ಬಿಲ್ಲಿಗೇ ತಿರುಗಿ ಬಡಿದು, ಅದು ಅಲ್ಲೇ ಸಿಡಿಯಬಹುದಂತೆ. ವಾರಂಟಿಯೂ ಹೋಯಿತು. ಯೋಚಿಸಿ, ಟಂಕಾರ ಮಾಡಲಾಗದ ಬಿಲ್ಲು! ನಮ್ಮ ಯಕ್ಷಗಾನ, ಕಂಪನಿ ನಾಟಕ, ಪೌರಾಣಿಕ ಸಿನಿಮಾಗಳಲ್ಲಿ ಬಿಲ್ಲಿಗೆ ಅದಕ್ಕಿಂತ ದೊಡ್ಡ ಕೆಲಸ ಇನ್ನೇನಿತ್ತು? ಇದರ ಹೆದೆ ಯಾವಾಗಲೂ ಏರಿಯೇ ಇರುತ್ತದೆ. ಜನಕರಾಜ ಇಂಥದೊಂದನ್ನು ಇಟ್ಟಿದ್ದರೆ ಸ್ವಯಂವರವೇ ನಡೆಯುತ್ತಿರಲಿಲ್ಲ.

ದ್ರೋಣರು ನನಗೆ ಬಾಡಿಗೆಯ 26 ಪೌಂಡಿನ ಕಲಿಕೆ ಬಿಲ್ಲು ಕೊಟ್ಟರು. ಹದಿನೆಂಟು ಮೀಟರಿನಲ್ಲಿ ಗುರಿ. ಮೂರನೆಯ ವಾರಕ್ಕೆ ಹಳದಿ ವೃತ್ತದೊಳಗೆ ಒಂದು ಬಾಣ ಬಿತ್ತು. ದುಬಾರಿ ಬಿಲ್ಲಿನ ದುಡ್ಡು ಎಲ್ಲಿ ಹೋಗುತ್ತದೆಂದು ಅರ್ಥವಾದದ್ದು ಅಲ್ಲಿಯೇ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅತಿವೇಗದ ಬಾಣವೂ ನೂರು ಮೀಟರಿನ ಆಸುಪಾಸು. ಹೆದೆಯ ಸದ್ದು ಬಾಣಕ್ಕಿಂತ ಮೊದಲೇ ಜಿಂಕೆಗೆ ಮುಟ್ಟಿ, ಅದು ಮೈ ಕುಗ್ಗಿಸಿ ನೆಗೆದುಬಿಡುತ್ತದೆ. ಅದಕ್ಕೇ ಬೇಟೆಗಾರರು ಇನ್ನಷ್ಟು ವೇಗ, ಇನ್ನಷ್ಟು ನಿಶ್ಶಬ್ದ ಎಂದು ದುಡ್ಡು ಸುರಿಯುವುದು. ಬಿಲ್ಲು ಗಿಡ್ಡವಾಗಿ ಹಗುರವಾಗಿರುವುದೂ ಮರದ ಮೇಲೆ ಹೊತ್ತೊಯ್ಯಲೆಂದೇ. ಅಂದರೆ ನಾನು ಎಪ್ಪತ್ತೈದು ಸಾವಿರ ಕೊಟ್ಟದ್ದು, ಜನ್ಮದಲ್ಲಿ ಎದುರಾಗದ ಜಿಂಕೆಯೊಂದರ ಕಿವಿಗೆ. ಇಂದಿರಾನಗರದ ಫೋಮಿನ ಗುರಿಗೆ ಕಿವಿಯಿಲ್ಲ, ನೆಗೆಯುವುದೂ ಇಲ್ಲ.

ನನ್ನ ತೋಳಿಗೆ ಹೊಂದಿಸಿಕೊಡುತ್ತಾರೇನೋ ಎಂಬ ಆಸೆಯಿಂದ ಶಿವಾಜಿನಗರದ ಮೆಕ್ಯಾನಿಕ್ ಒಬ್ಬರಿಗೂ ತೋರಿಸಿದೆ. ಆ ಬೀದಿಗಳಲ್ಲಿ ರಿಪೇರಿಯಾಗದ ವಸ್ತು ಇನ್ನೂ ಹುಟ್ಟಿಲ್ಲವೆಂಬುದು ನನ್ನ ನಂಬಿಕೆ. ಅವರು ಗಾಲಿ ತಿರುಗಿಸಿ, ತಂತಿ ಮಿಡಿದು, "ಇದು ಲಿಫ್ಟಿಂದಾ ಸಾರ್, ಜಿಮ್ಮಿಂದಾ?" ಎಂದರು. ಹೇಳಿದೆ. ಆಲೆನ್ ಕೀ ಹುಡುಕಿದರು (ಬಿಲ್ಲು ಕಂಡುಹಿಡಿದ ಆಲೆನ್‌ಗೂ ಈ ಕೀಲಿಗೂ ನೆಂಟಸ್ತಿಕೆಯಿಲ್ಲ). ಆಮೇಲೆ ಕೀಲಿಯನ್ನು ಕೆಳಗಿಟ್ಟು, "ಬಿಚ್ಚೋದು ನನ್ ಜವಾಬ್ದಾರಿ ಸಾರ್, ಜೋಡಿಸೋದು ನಿಮ್ ನಸೀಬು" ಎಂದರು. ಹೆದೆ ಬದಲಿಸಬೇಕೆಂದರೂ ಈ ಬಿಲ್ಲನ್ನು ಪ್ರೆಸ್ ಎಂಬ ಬೇರೆಯೇ ಯಂತ್ರದಲ್ಲಿಟ್ಟು ಬಗ್ಗಿಸಬೇಕು. ಇಲ್ಲದಿದ್ದರೆ ಅದು ನಮ್ಮನ್ನೇ ಬಗ್ಗಿಸುತ್ತದೆ. ಆ ದಿನ ನನಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಸಲಹೆ ಅವರದು. ಟೀ ಕುಡಿಸಿ ಕಳಿಸಿದರು.

ಹಾಗೆಂದು ದುಬಾರಿ ಕಾಂಪೌಂಡ್ ಬಿಲ್ಲೆಲ್ಲ ದಂಡ ಎನ್ನಲಾರೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್ ವಿಭಾಗದ ಐದಕ್ಕೆ ಐದೂ ಚಿನ್ನ ನಮ್ಮವರಿಗೇ ಬಂದವು. ಜ್ಯೋತಿ ಸುರೇಖಾ, ಓಜಸ್ ದೇವತಳೆ ತಲಾ ಮೂರು ಗೆದ್ದರು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯೂ ಸೇರಿದೆ. ಐವತ್ತು ಮೀಟರ್ ದೂರದ, ಎಂಟು ಸೆಂಟಿಮೀಟರ್ ಅಗಲದ ವೃತ್ತಕ್ಕೆ ಒಂದರ ಹಿಂದೊಂದು ಬಾಣ ನೆಡುವವರ ಕೈಯಲ್ಲಿ ಒಂದೊಂದು ಪೈಸೆಯೂ ದುಡಿಯುತ್ತದೆ. ಅವರ ಬಿಲ್ಲಾದರೂ ಬೇರೆ: ಉದ್ದ, ಭಾರ, ಅಲುಗಾಡದ್ದು. ಮರ ಹತ್ತಲು ಮಾಡಿದ ಬಿಲ್ಲನ್ನು ಮೆಟ್ಟಿಲು ಹತ್ತಲೇ ಏದುಸಿರು ಬಿಡುವವನು ಕೊಂಡರೆ ಮಾತ್ರ ದಂಡ.

ಇಷ್ಟು ಲೆಕ್ಕವನ್ನೂ ನಾನು ಹಾಕಿದ್ದು ದುಡ್ಡು ಕೊಟ್ಟ ಮೇಲೆ ಎಂಬುದನ್ನು ಹೆಂಡತಿ ಆಗಾಗ ಜ್ಞಾಪಿಸುತ್ತಾಳೆ. ಆದರೂ ಹೋದ ದಸರೆಗೆ ಅವಳೇ ಅದನ್ನು ಅಟ್ಟದಿಂದ ಇಳಿಸಿದಳು. ಸ್ಕೂಟರು, ಮಿಕ್ಸಿ, ಈಳಿಗೆಮಣೆಗಳಿಗೇ ಆಯುಧಪೂಜೆ ಮಾಡುತ್ತಿದ್ದ ಮನೆಯಲ್ಲಿ ಮೊದಲ ಸಲ ನಿಜವಾದ ಆಯುಧ. ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ನಿಂಬೆಹಣ್ಣು ಇಟ್ಟೆವು. ಅಮೆರಿಕದ ಎಲೆಗಳ ನಡುವೆ ಸೇವಂತಿಗೆ ಚೆನ್ನಾಗಿಯೇ ಕಂಡಿತು.

ಆಸಕ್ತರಿದ್ದರೆ ಹೇಳಿ. ಬಲಗೈಯವರದು, ಎಳೆತ 27ರಿಂದ 30 ಇಂಚು, ಬಿಗಿ 60ರಿಂದ 70 ಪೌಂಡ್, ಬಾಣ ಐದು. ಆರನೆಯದು ದ್ರೋಣರ ಪಕ್ಕದ ಕಟ್ಟಡದ ನೀರಿನ ಟ್ಯಾಂಕಿನಲ್ಲಿದೆ. ಐವತ್ತು ಸಾವಿರಕ್ಕೆ ಕೊಡುತ್ತೇನೆ. ಗೋಡೆಯ ಕೆಲಸಕ್ಕೆ ಗಾರೆಯವನು ಕೇಳಿರುವುದೂ ಅಷ್ಟೇ.