ತುಳಿಯುವ ಮುನ್ನ ಓದಿ

ಪೆಡಲ್ ಸ್ಟೀಲ್ ಗಿಟಾರ್ ತರಿಸಿಕೊಂಡು ಉಡುಪಿ ಕಡೆಯ ಇನ್ನಂಜೆಯ ಮನೆಗೆ ಮುಟ್ಟಿಸಿದವರಿಗಾಗಿ ಈ ಕೈಪಿಡಿ. ಅಂಥವರು ಎಷ್ಟು ಜನ ಇದ್ದಾರೆ ಎಂದು ಕೇಳಬೇಡಿ. ಓದುಗರು ಕಡಿಮೆ ಎಂದು ಕೈಪಿಡಿ ಬರೆಯುವುದನ್ನು ಯಾರೂ ನಿಲ್ಲಿಸಿಲ್ಲ.

ಮೊದಲ ಸೂಚನೆ: ಪೆಟ್ಟಿಗೆಯನ್ನು ಜಗಲಿಯಲ್ಲಿ ಬಿಚ್ಚಬೇಡಿ. ಮಲ್ಲಿಗೆ ಅಟ್ಟೆ ಒಯ್ಯಲು ಬಂದವರು ನಿಂತು, "ಎಂತ ಮಾರಾಯ್ರೆ ಇದು, ಇಸ್ತ್ರಿ ಮೇಜಾ?" ಎನ್ನುತ್ತಾರೆ. ಕೆಳಗಿನ ಪೆಡಲು ಕಂಡ ಮೇಲೆ, "ಅಲ್ಲ ಅಲ್ಲ, ಹೊಲಿಗೆ ಮಿಷನ್ನು." ಈ ಎರಡನೆಯವರು ಸತ್ಯಕ್ಕೆ ಹತ್ತಿರ ಇದ್ದಾರೆ, ತಿದ್ದಬೇಡಿ. ವಾದ್ಯದ ಹೊಟ್ಟೆಯಡಿ ಇರುವುದೆಲ್ಲ ಸರಳು, ಕೀಲು, ಸ್ಪ್ರಿಂಗು. ಪೆಡಲು ತುಳಿದರೆ ಸರಳು ಎಳೆಯುತ್ತದೆ, ತಂತಿ ಬಿಗಿಯುತ್ತದೆ, ಸ್ವರ ಏರುತ್ತದೆ. ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುವ ವಿದ್ಯೆ ಹವಾಯಿಯದು. ಜೋಸೆಫ್ ಕೆಕುಕು ಹೆಸರು ಅದಕ್ಕೆ ಅಂಟಿಕೊಂಡಿದೆ. ತಂತಿ ಇನ್ನೂ ನುಡಿಯುತ್ತಿರುವಾಗಲೇ ಪೆಡಲು ಒತ್ತಿ ಅದನ್ನು ಬಾಗಿಸಿ ಅಮೆರಿಕದವರ ನಿದ್ದೆಗೆಡಿಸಿದವನು ಬಡ್ ಐಸಾಕ್ಸ್. 1954ರಲ್ಲಿ ಜನಪ್ರಿಯವಾದ ವೆಬ್ ಪಿಯರ್ಸನ ‘ಸ್ಲೋಲಿ’ ಹಾಡಿನಲ್ಲಿ ಅದು ಕೇಳಿಸುತ್ತದೆ.

ಈಗ ಶ್ರುತಿಯ ಆಯ್ಕೆ. ಮಾರುವವರು ಕೇಳುತ್ತಾರೆ: ಇ9 ಬೇಕೋ, ಸಿ6 ಬೇಕೋ? ಗಾಬರಿಯಾಗಬೇಡಿ. ಇಂಗ್ಲಿಷ್ ಅಕ್ಷರ ಬದಿಗಿಟ್ಟು ಸರಿಗಮದಲ್ಲಿ ಹೇಳಿಕೊಳ್ಳಿ. ಸಿ6ರಲ್ಲಿ ಮುಖ್ಯವಾಗಿ ಸಿಗುವುದು ಸ, ಗ, ಪ, ಧ. ರಿಷಭವೊಂದು ಕೂಡಿದರೆ ಮೋಹನವೇ. ಜಾಝಿನವರಿಗೆ ಅದು ಇಷ್ಟ. ಇ9ರ ಹತ್ತು ತಂತಿಗಳು ನಿಮ್ಮಿಂದ ದೂರದ ಬದಿಯಿಂದ ಹೀಗೆ: ರಿ, ನಿ, ಗ, ಸ, ಪ, ಗ, ರಿ, ಸ, ಕೈಶಿಕಿ ನಿ, ಪ. ಕ್ರಮ ಗಮನಿಸಿ, ಅತಿ ಎತ್ತರದ ತಂತಿ ಮೊದಲನೆಯದಲ್ಲ, ಮೂರನೆಯದು. ಸಾಲಿನಲ್ಲಿ ನಿಂತವರ ನಡುವೆ ಇಬ್ಬರು ಮುಂದೆ ನುಗ್ಗಿದ ಹಾಗೆ.

ಈ ಪಟ್ಟಿಯಲ್ಲಿ ಯಾರು ಬಂದಿಲ್ಲ, ನೋಡಿ. ಮಧ್ಯಮ ಇಲ್ಲ, ಧೈವತ ಇಲ್ಲ. ಪೆಡಲುಗಳ ಗುಟ್ಟು ಇಲ್ಲೇ ಇದೆ. ‘ಎ’ ಪೆಡಲು ತುಳಿದರೆ ಪಂಚಮಗಳು ಧೈವತಕ್ಕೆ ಏರುತ್ತವೆ. ‘ಬಿ’ ತುಳಿದರೆ ಗಾಂಧಾರಗಳು ಮಧ್ಯಮಕ್ಕೆ. ಎರಡನ್ನೂ ಒಂದೇ ಪಾದ ವಾಲಿಸಿ ತುಳಿದರೆ ಸ-ಗ-ಪ ಇದ್ದದ್ದು ಸ-ಮ-ಧ ಆಗುತ್ತದೆ. ಷಡ್ಜ ಕದಲುವುದಿಲ್ಲ, ಅಕ್ಕಪಕ್ಕದವರು ಎದ್ದು ಹೋಗುತ್ತಾರೆ. ಆ ವಾದ್ಯದ ಅಳುವ ದನಿ ಎಂದು ಲೋಕ ಹೇಳುವುದು ಬಹುಪಾಲು ಇದನ್ನೇ. ‘ಸಿ’ ಪೆಡಲೂ ಇದೆ, ಷಡ್ಜವನ್ನು ರಿಷಭಕ್ಕೂ ಪಂಚಮವನ್ನು ಧೈವತಕ್ಕೂ ಎತ್ತುತ್ತದೆ. ಮೊದಲ ವರ್ಷ ಅದನ್ನು ಮರೆತರೂ ನಷ್ಟವಿಲ್ಲ. ಎಡದಿಂದ ಎ-ಬಿ-ಸಿ ಜೋಡಿಸುವುದು ಬಡ್ಡಿ ಎಮನ್ಸ್ ಪದ್ಧತಿ, ಸಿ-ಬಿ-ಎ ಜೋಡಿಸುವುದು ಜಿಮ್ಮಿ ಡೇ ಪದ್ಧತಿ. ಯಕ್ಷಗಾನದ ತೆಂಕು-ಬಡಗಿನಷ್ಟು ಜಗಳಕ್ಕೆ ಇದರಲ್ಲಿ ಸಾಮಗ್ರಿ ಇಲ್ಲ. ನಿಮ್ಮ ಹಿಮ್ಮಡಿ ಯಾವ ಕಡೆ ಸಲೀಸಾಗಿ ವಾಲುತ್ತದೋ ಅದನ್ನೇ ಇಟ್ಟುಕೊಳ್ಳಿ.

ಮೊಣಕಾಲಿನಿಂದ ತಳ್ಳುವ ಲಿವರುಗಳೂ ಇವೆ. ಅವು ಷಡ್ಜವನ್ನು ನಿಷಾದಕ್ಕೆ ಇಳಿಸುತ್ತವೆ, ಶುದ್ಧ ರಿಷಭಕ್ಕೆ ಏರಿಸುತ್ತವೆ. ಎಚ್ಚರಿಕೆ: ಲುಂಗಿ ಉಟ್ಟು ಕೂರಬೇಡಿ. ಲಿವರು ಸಿಕ್ಕಿಕೊಂಡರೆ ಸ್ವರ ಮಾತ್ರ ಇಳಿಯುವುದಿಲ್ಲ. ಅಮೆರಿಕದವರು ಬೂಟು ಹಾಕಿ ತುಳಿಯುತ್ತಾರೆ. ನೀವು ಚಪ್ಪಲಿ ಹಾಕಿ ಚಾವಡಿಗೆ ಬಂದರೆ ಅಮ್ಮ ಕೇಳುವ ಪ್ರಶ್ನೆಗೆ ಈ ಕೈಪಿಡಿಯಲ್ಲಿ ಉತ್ತರವಿಲ್ಲ.

ಶ್ರುತಿ ಮಾಡುವುದು ಎರಡು ಸಲ. ಮೊದಲು ಪೆಡಲು ಮುಟ್ಟದೆ ಬಿರಡೆ ತಿರುಗಿಸಿ. ಆಮೇಲೆ ಒಂದೊಂದೇ ಪೆಡಲು ಒತ್ತಿ ಹಿಡಿದು, ಇನ್ನೊಂದು ತುದಿಯ ನೈಲಾನ್ ನಟ್ಟು ತಿರುಗಿಸಿ. ಪೆಡಲು ಒತ್ತಿದಾಗ ವಾದ್ಯದ ಮೈಯೇ ತುಸು ಬಾಗಿ, ಸಂಬಂಧವಿಲ್ಲದ ತಂತಿಯೂ ಕೂದಲೆಳೆಯಷ್ಟು ಇಳಿಯುತ್ತದೆ. ಅದನ್ನು ಸಹಿಸಿ. ಟ್ಯೂನರಿನ ಮುಳ್ಳು ನಡುವೆ ನಿಂತರೂ ಗಾಂಧಾರ ಕಿವಿಗೆ ಚುಚ್ಚುತ್ತದೆಯೇ? ಮುಳ್ಳನ್ನು ನಂಬಬೇಡಿ, ಶ್ರುತಿಪೆಟ್ಟಿಗೆ ಇಡಿ. ಸುಮಾರು 14 ಸೆಂಟ್ಸ್ ಇಳಿಸಿದಾಗ ಅಂತರ ಗಾಂಧಾರ ಷಡ್ಜದೊಳಗೆ ಕರಗುತ್ತದೆ. ನ್ಯಾಶ್‌ವಿಲ್‌ನಲ್ಲೂ ಗಾಂಧಾರವನ್ನು ಇಳಿಸಿಯೇ ಕಟ್ಟುವವರು ಬೇಕಾದಷ್ಟಿದ್ದಾರೆ. ತಂಬೂರಿ ಕೇಳಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಇಷ್ಟೆಲ್ಲ ಕಬ್ಬಿಣ ಬೇಕೇ ಎನ್ನುವ ಪ್ರಶ್ನೆ ನ್ಯಾಯವಾದದ್ದು. ನಮ್ಮ ಚಿತ್ರವೀಣೆಗೆ, ಅದೇ ಗೋಟುವಾದ್ಯಕ್ಕೆ, ಮೆಟ್ಟಿಲೂ ಇಲ್ಲ ಪೆಡಲೂ ಇಲ್ಲ. ಏರುಜಾರು ಇಳಿಜಾರು ಎಲ್ಲ ಕೈಯ ತುಂಡಿನಲ್ಲೇ. ಒಂದು ರಾಗ ಒಂದೇ ಷಡ್ಜದ ಮೇಲೆ ನಿಲ್ಲುವುದಾದರೆ ಅಷ್ಟು ಸಾಕು. ಮೂರು ತಂತಿ ಒಟ್ಟಿಗೆ ನುಡಿಯುತ್ತಿರುವಾಗ ಎರಡು ಮಾತ್ರ ಜಾರಬೇಕು, ಒಂದು ನಿಂತಿರಬೇಕು ಎಂಬ ಆಸೆ ಹುಟ್ಟಿದವರಿಗೆ ಮಾತ್ರ ಪೆಡಲು. ನಿಮಗೆ ಹುಟ್ಟಿದೆ, ಹಣವೂ ಹೋಗಿದೆ, ಮುಂದೆ ಓದಿ.

ಕಡಲು ಹತ್ತಿರ, ನುಡಿಸಿದ ಮೇಲೆ ತಂತಿ ಒರೆಸಿ, ಇಲ್ಲವಾದರೆ ತುಕ್ಕು.

ಕೊನೆಗೆ ಭಜನೆಗೆ ಒಯ್ದಾಗ. ಇ9 ಅಂದರೆ ಹಾರ್ಮೋನಿಯಂನ ಬಿಳಿ ಮೂರು. ಹಾಡುವವರು "ಕಪ್ಪು ಎರಡು" ಎಂದರೆ ಅರ್ಧ ಮನೆಯಷ್ಟೇ ಕೆಳಗೆ ಎಂದು ಹಿಂದಕ್ಕೆ ಜಾರಿಸಲು ಹೋಗಬೇಡಿ, ಅಲ್ಲಿ ತಂತಿಯೇ ಮುಗಿದಿರುತ್ತದೆ. ತಂತಿಯಡಿಯ ಹನ್ನೊಂದನೇ ಗೆರೆಗೆ ಹೋಗಿ. "ಕಪ್ಪು ಒಂದು" ಎಂದರೆ ಒಂಬತ್ತನೆಯದು. ಉಕ್ಕನ್ನು ಗೆರೆಯ ನೇರಕ್ಕೆ ಇಟ್ಟು, ಮಂಗಳದ ಕೊನೆಯ ಷಡ್ಜ ಬಂದಾಗ ಎ, ಬಿ ಎರಡನ್ನೂ ನಿಧಾನ ತುಳಿದು ಬಿಡಿ. ತಾಳದವರು ತಾಳ ನಿಲ್ಲಿಸಿ ಮೇಜಿನಡಿ ಬಗ್ಗಿ ನೋಡುತ್ತಾರೆ.

"ಇನ್ನೊಮ್ಮೆ ತುಳೀರಿ ನೋಡುವ."