ಕಾಫಿ ಪಾತ್ರೆಯಲ್ಲಿ ಬೆಟ್ಟ ಹತ್ತಿದ ಮೀನು

ಅಕ್ಕಾ, ಸೊಪ್ಪು ಆಮೇಲೆ ಕೊಯ್ದರಾಯ್ತು, ಬೇಲಿ ಹತ್ತಿರ ಸ್ವಲ್ಪ ಬನ್ನಿ. ಮುಂದಿನ ಬೇಸಿಗೆಗೆ ನಿಮ್ಮ ಮಗ ಕ್ಯಾಲಿಫೋರ್ನಿಯಾಕ್ಕೆ ಕರೆಸ್ಕೊಳ್ತಾನಂತಲ್ಲ, ಕೇಳಿ ಖುಷಿಯಾಯ್ತು. ಆದರೆ ಹೋದವರು ಮಾಲ್ ಸುತ್ತಿ, ಗೋಲ್ಡನ್ ಗೇಟ್ ಸೇತುವೆ ಮುಂದೆ ಫೋಟೊ ತೆಗೆಸ್ಕೊಂಡು ಅಷ್ಟಕ್ಕೇ ವಾಪಸ್ ಬರಬೇಡಿ. ಸಿಯೆರಾ ನೆವಾಡಾ ಬೆಟ್ಟದ ಕೆರೆಗಳಿಗೆ ಕರ್ಕೊಂಡು ಹೋಗು ಅಂತ ಹಟ ಹಿಡೀರಿ. ಬೆನ್ನಿಗೆ ಚೀಲ ಹಾಕ್ಕೊಂಡು ನಡೆದು, ಕೆರೆ ಕಾಣೋ ಹಾಗೆ ಡೇರೆ ಹೊಡೆದು, ಟ್ರೌಟ್ ಮೀನು ಹಿಡಿದು ಅಲ್ಲೇ ಬೇಯಿಸಿ ತಿನ್ನೋದು. ನನ್ನ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ನಾನು, ನಮ್ಮನೆಯವರು ಎಲ್ಲ ಸೇರಿ ಹಾಗೆ ಹೋಗಿದ್ದು ಅಲ್ಲಿನ ಲಿಟಲ್ ಲೇಕ್ಸ್ ವ್ಯಾಲಿ ಅನ್ನೋ ಕಣಿವೆಗೆ.

ನಮ್ಮ ವಯಸ್ಸಿಗೆ ಆಗುತ್ತಾ ಅಂತೀರಾ? ಆಗುತ್ತೆ. ಅದಕ್ಕೇ ಆ ಕಣಿವೆ ಹೆಸರು ಹೇಳ್ತಾ ಇರೋದು. ನಮ್ಮ ಮುಳ್ಳಯ್ಯನಗಿರಿ ನೆತ್ತಿ 6,300 ಅಡಿ ಚಿಲ್ಲರೆ. ಅಲ್ಲಿ ಮಾಸ್ಕಿಟೊ ಫ್ಲಾಟ್‌ನಲ್ಲಿ ಕಾರು ನಿಲ್ಲಿಸೋ ಜಾಗವೇ 10,000 ಅಡಿಗಿಂತ ಮೇಲಿದೆ. ಏರೋ ಕೆಲಸ ಮುಕ್ಕಾಲು ಕಾರೇ ಮುಗಿಸಿರುತ್ತೆ. ಅಲ್ಲಿಂದ ಮುಂದೆ ದಾರಿ ಹೊಳೆ ಪಕ್ಕದಲ್ಲೇ ನಿಧಾನಕ್ಕೆ ಹತ್ತುತ್ತಾ ಹೋಗುತ್ತೆ. ಮ್ಯಾಕ್, ಮಾರ್ಶ್, ಹಾರ್ಟ್, ಬಾಕ್ಸ್, ಲಾಂಗ್ ಅಂತ ಒಂದರ ಬೆನ್ನಿಗೆ ಒಂದು ಕೆರೆ. ಮೂರು ಮೈಲಿ ಹತ್ತಿರ ನಡೆದರೆ ಚಿಕನ್‌ಫುಟ್ ಕೆರೆ. ಎದುರಿಗೆ ಬೇರ್ ಕ್ರೀಕ್ ಸ್ಪೈರ್ ಅನ್ನೋ ಶಿಖರ, 13,000 ಅಡಿ ದಾಟಿದ್ದು. ಜುಲೈ ತಿಂಗಳಲ್ಲೂ ಅದರ ಬುಡದಲ್ಲಿ ಹಿಮ ಇರುತ್ತೆ. ಗೋಲ್ಡನ್ ಗೇಟ್ ಇರೋ ಬೇ ಏರಿಯಾದಿಂದ ಟಿಯೋಗಾ ಪಾಸ್ ಅನ್ನೋ ಘಾಟಿ ದಾಟಿ, 395ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋಗಬೇಕು. ಚಳಿಗಾಲದಲ್ಲಿ ಆ ಪಾಸ್ ಹಿಮದಲ್ಲಿ ಮುಚ್ಚಿರುತ್ತೆ, ಬೇಸಿಗೆಯಲ್ಲೇ ಹೋಗಬೇಕು.

ಎತ್ತರಕ್ಕೆ ಮಾತ್ರ ಮರ್ಯಾದೆ ಕೊಡಲೇಬೇಕು ಅಕ್ಕಾ. ಸಮುದ್ರಮಟ್ಟದಿಂದ ಹೊರಟು ಅದೇ ದಿನ ಚೀಲ ಹೊತ್ತು ನಡೀತೀನಿ ಅಂದ್ರೆ ತಲೆನೋವು, ವಾಕರಿಕೆ ಶುರುವಾಗುತ್ತೆ. ಒಂದು ರಾತ್ರಿ ಕೆಳಗೆ ರಾಕ್ ಕ್ರೀಕ್ ಹೊಳೆ ಪಕ್ಕದ ಕ್ಯಾಂಪಲ್ಲಿ ಮಲಗಿ, ನೀರು ಕುಡೀತಾ ಇದ್ದು, ಬೆಳಿಗ್ಗೆ ಹೊರಡಬೇಕು. ತಲೆನೋವು ಜಾಸ್ತಿ ಆಗ್ತಾ ಹೋದರೆ ಹಿಂದೆಮುಂದೆ ನೋಡದೆ ಕೆಳಗಿಳಿಯೋದೇ ಮದ್ದು.

ಚೀಲ ತುಂಬೋ ಕೆಲಸ ಸೊಸೆಯದ್ದು. ಅಲ್ಲಿ ಕಟ್ಟಿಗೆ ಬೆಂಕಿ ಹಾಕೋ ಹಾಗಿಲ್ಲ, ಗ್ಯಾಸಿನ ಪುಟ್ಟ ಒಲೆಯೇ ಗತಿ. ಆ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತೆ. ಕುದಿಯೋದೇನೋ ಬೇಗ, ಅಕ್ಕಿ ಮಾತ್ರ ಬೇಗ ಬೇಯೋದಿಲ್ಲ. ಬೇಳೆ ಮಾತಂತೂ ಎತ್ತಲೇಬೇಡಿ. ಅವಲಕ್ಕಿ, ಹುರಿದ ರವೆ, ಶಾವಿಗೆ, ಚಟ್ನಿಪುಡಿ, ಇಷ್ಟೇ ಕೆಲಸಕ್ಕೆ ಬರೋದು. ಇದೆಲ್ಲ ತುಂಬಿಡೋದಕ್ಕೆ ಕರಡಿಗೆ ತೆಗೆಯಲಿಕ್ಕೆ ಬಾರದ ಒಂದು ಗಟ್ಟಿ ಡಬ್ಬ ಇದೆ, ಬರೀ ಡಬ್ಬವೇ ಒಂದು ಕೇಜಿಗಿಂತ ಹೆಚ್ಚು ತೂಗುತ್ತೆ. ಟೂತ್‌ಪೇಸ್ಟ್, ಸೋಪೂ ಅದರೊಳಗೇ ಹೋಗಬೇಕು, ರಾತ್ರಿ ಡೇರೆಯಿಂದ ದೂರ ಇಡಬೇಕು. ಕರಡಿ ಒಂದು ಸಲ ಮನುಷ್ಯರ ಊಟದ ರುಚಿ ಕಂಡಿತು ಅಂದ್ರೆ ಮತ್ತೆ ಮತ್ತೆ ಬರುತ್ತೆ, ಕೊನೆಗೆ ಜೀವ ಕಳ್ಕೊಳ್ಳೋದೂ ಅದೇ. ಹಾಗಾಗಿ ಆ ಡಬ್ಬ ಹೊರೋದು ನನಗೆ ಭಾರ ಅಂತ ಅನಿಸಲೇ ಇಲ್ಲ.

ಮಕ್ಕಳೂ ಹೊರ್ತಾರೆ. ಚಿಕ್ಕವಳು ತನ್ನ ನಿದ್ದೆ ಚೀಲ, ನೀರಿನ ಬಾಟಲಿ. ದೊಡ್ಡವನು ತನ್ನ ಬಟ್ಟೆ, ಗಾಳದ ಸಾಮಾನು. ಮನೇಲಿ ತಟ್ಟೆ ಎತ್ತಿಡು ಅಂದ್ರೆ ಮುಖ ತಿರುಗಿಸೋ ಮಕ್ಕಳು ಅಲ್ಲಿ ಕೆರೆ ನೀರು ತಂದು ಫಿಲ್ಟರಲ್ಲಿ ಸೋಸಿ ಎಲ್ಲರ ಬಾಟಲಿಗೂ ತುಂಬಿದರು. ನೀರು ನೋಡೋಕೆ ತೀರ್ಥದ ಹಾಗೆ ತಿಳಿಯಾಗಿದ್ದರೂ ಸೋಸದೆ ಕುಡೀಬಾರದು, ಹೊಟ್ಟೆ ಕೆಡಿಸೋ ಸೂಕ್ಷ್ಮಜೀವಿ ಇರುತ್ತೆ. ಮಕ್ಕಳಿಗೆ ಜವಾಬ್ದಾರಿ ಬರೋದು ಬೈದು ಹೇಳಿದಾಗ ಅಲ್ಲ, ಆ ಕೆಲಸ ಮಾಡದಿದ್ದರೆ ನಿಜವಾಗಿಯೂ ನೀರಿಲ್ಲ ಅಂತ ಗೊತ್ತಾದಾಗ.

ಈಗ ಮೀನಿನ ಸುದ್ದಿಗೆ ಬರ್ತೀನಿ. ನಮ್ಮಲ್ಲಿ ಮೊದಲ ಮಳೆಗೆ ಹತ್ತುಮೀನು ಹಿಡಿಯೋಕೆ ಗದ್ದೆ ಬಯಲಿಗೆ ಓಡ್ತಿದ್ದೆವಲ್ಲ, ಅಲ್ಲಿ ಹಾಗೆ ಕಂಡ ಕಡೆ ಕೈ ಹಾಕೋ ಹಾಗಿಲ್ಲ. ಹದಿನಾರು ತುಂಬಿದವರೆಲ್ಲ ಲೈಸೆನ್ಸ್ ತಗೋಬೇಕು, ಚಿಕ್ಕ ಮಕ್ಕಳಿಗೆ ಬೇಕಿಲ್ಲ. ಟ್ರೌಟ್ ತಣ್ಣೀರಿನ ಮೀನು, ತಣ್ಣಗಿದ್ದಷ್ಟೂ ನೀರಲ್ಲಿ ಆಮ್ಲಜನಕ ಹೆಚ್ಚು, ಅದೇ ಅದಕ್ಕೆ ಬೇಕು. ಬೆಳಗಿನ ಜಾವ, ಸಂಜೆ ಹೊತ್ತು ದಡದ ಹತ್ತಿರ ಮೇಯೋಕೆ ಬರುತ್ತೆ. ಮಧ್ಯಾಹ್ನ ಆಳಕ್ಕೆ ಇಳಿಯುತ್ತೆ. ಹೊಳೆ ಬಂದು ಕೆರೆಗೆ ಸೇರೋ ಬಾಯಿ ಇದೆಯಲ್ಲ, ಅಲ್ಲಿ ಹುಳುಹುಪ್ಪಟೆ ತೇಲಿ ಬರೋದರಿಂದ ಮೀನು ಹರಿವಿಗೆ ಮುಖ ಕೊಟ್ಟು ಕಾಯ್ತಾ ಇರುತ್ತೆ. ನೆರಳು ನೀರಿನ ಮೇಲೆ ಬೀಳದ ಹಾಗೆ, ಹೆಜ್ಜೆ ಸಪ್ಪಳ ಆಗದ ಹಾಗೆ ನಿಂತು ಗಾಳ ಎಸೀಬೇಕು. ನಮ್ಮನೆಯವರು ತುಂಗೆಯಲ್ಲಿ ಎರೆಹುಳ ಕಟ್ಟಿ ಕೂತವರು, ಅವರಿಗೆ ಇದೆಲ್ಲ ಹೇಳಿಕೊಡಬೇಕಾಗಿರಲಿಲ್ಲ. ಮಗನಿಗೆ ತಿರುಗೋ ತಗಡಿನ ಸ್ಪಿನ್ನರ್ ಇಷ್ಟ. ಅಜ್ಜ ಮೊಮ್ಮಗಳು ಒಂದೇ ಬಂಡೆ ಮೇಲೆ ಮಾತಿಲ್ಲದೆ ಕೂತು ಕಾದರು ನೋಡಿ, ಅಷ್ಟು ಹೊತ್ತು ಅವಳು ಸುಮ್ಮನೆ ಕೂತಿದ್ದನ್ನ ಅವಳಮ್ಮನೂ ನೋಡಿರಲಿಲ್ಲ.

ಅವಳ ಗಾಳಕ್ಕೆ ಬಿದ್ದದ್ದು ಬ್ರೂಕ್ ಟ್ರೌಟ್. ನನ್ನ ಗೇಣಿಗಿಂತ ಸ್ವಲ್ಪ ಉದ್ದ ಇತ್ತು. ಬೆನ್ನು ಕಡು ಹಸಿರು, ಅದರ ಮೇಲೆ ಸಾಗರದ ಕಡೆ ಹೆಂಗಸರು ಗೋಡೆಗೆ ಹಸೆ ಬರೆದ ಹಾಗೆ ತಿಳಿಬಣ್ಣದ ಗೆರೆಗಳು. ಮಗ್ಗುಲಲ್ಲಿ ಕೆಂಪು ಚುಕ್ಕೆ, ಪ್ರತಿ ಚುಕ್ಕೆ ಸುತ್ತ ನೀಲಿ ಬಳೆ. ಹೊಟ್ಟೆ ಕಡೆಯ ರೆಕ್ಕೆಗಳ ಅಂಚಿಗೆ ಬೆಳ್ಳಗೆ ಒಂದು ಗೆರೆ. ಇಷ್ಟು ಚೆಂದದ ಮೀನನ್ನ ನಾನು ನೋಡಿರಲಿಲ್ಲ.

ಹ್ಞಾ, ನೀವು ಕೇಳ್ತೀರಿ ಅಂತ ಗೊತ್ತಿತ್ತು. ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವರ ಮೀನು ಅಂತ ಮಂಡಕ್ಕಿ ಹಾಕಿ ಕೈಮುಗಿಯೋರು ನಾವು, ಅಷ್ಟು ಎತ್ತರದ ತಿಳಿನೀರಲ್ಲಿ ತಮ್ಮ ಪಾಡಿಗೆ ಇರೋ ಮೀನನ್ನ ಯಾಕೆ ಹಿಡೀಬೇಕು? ನನಗೂ ಇದೇ ಪ್ರಶ್ನೆ ಬಂತು. ಮಗನ ಹತ್ತಿರ ಉತ್ತರ ಇತ್ತು. ಆ ಮೀನು ಆ ಕೆರೆಯದ್ದಲ್ಲ ಅಕ್ಕಾ. ಹಿಮನದಿಗಳು ಕೊರೆದು ಮಾಡಿದ ಕೆರೆಗಳವು, ಕೆಳಗೆಲ್ಲ ಅಬ್ಬಿಗಳು, ಮೀನು ಹತ್ತಿ ಬರೋಕೆ ದಾರಿಯೇ ಇರಲಿಲ್ಲ. ಎತ್ತರದ ಕೆರೆಗಳು ಹೆಚ್ಚುಕಡಿಮೆ ಎಲ್ಲವೂ ಮೀನಿಲ್ಲದೆ ಇದ್ದವು. ಮೀನು ತಂದು ಬಿಟ್ಟವರು ಮನುಷ್ಯರು. ಈ ಬ್ರೂಕ್ ಟ್ರೌಟ್ ಅಮೆರಿಕದ ಪೂರ್ವ ಭಾಗದ್ದು, ಬ್ರೌನ್ ಟ್ರೌಟ್ ಯುರೋಪಿನದ್ದು. ಕ್ಯಾಲಿಫೋರ್ನಿಯಾದ ರಾಜ್ಯಮೀನು ಗೋಲ್ಡನ್ ಟ್ರೌಟ್ ಕೂಡ ದಕ್ಷಿಣದ ಕರ್ನ್ ನದಿ ಕಡೆಯ ಕೆಲವೇ ಹೊಳೆಗಳದ್ದು. 1876ರಲ್ಲಿ ಶರ್ಮನ್ ಸ್ಟೀವನ್ಸ್ ಅಂತ ಮರದ ಮಿಲ್ ಇಟ್ಟಿದ್ದ ಒಬ್ಬರು ಹನ್ನೆರಡೋ ಹದಿಮೂರೋ ಮೀನನ್ನ ಕಾಫಿ ಪಾತ್ರೆಯಲ್ಲಿ ಹಾಕ್ಕೊಂಡು ಬೆಟ್ಟ ದಾಟಿಸಿ ಕಾಟನ್‌ವುಡ್ ಹೊಳೆಗೆ ಬಿಟ್ಟರಂತೆ. ಅಲ್ಲಿಂದ ಅವನ್ನ ಮತ್ತೂ ಮೇಲಿನ ಕೆರೆಗಳಿಗೆ ಒಯ್ದರು. ಆಮೇಲೆ ಹಾಲಿನ ಕ್ಯಾನಿನಲ್ಲಿ ಮರಿ ತುಂಬಿ ಹೇಸರಗತ್ತೆ ಮೇಲೆ ಹೇರಿದರು, ಇನ್ನೂ ಆಮೇಲೆ ವಿಮಾನದಿಂದ ಸುರಿದರು. ನಮ್ಮ ದೇಶಕ್ಕೂ ಟ್ರೌಟ್ ಬಂದಿದ್ದು ಹೀಗೇ. 1900ರಲ್ಲಿ ಬ್ರಿಟಿಷರ ಕಾಲದಲ್ಲಿ ಕಾಶ್ಮೀರಕ್ಕೆ ಬ್ರೌನ್ ಟ್ರೌಟ್ ಮೊಟ್ಟೆ ತರಿಸಿದರು, ನೀಲಗಿರಿಯ ಅವಲಾಂಚ್‌ನಲ್ಲೂ ಟ್ರೌಟ್ ಸಾಕಿದರು.

ಸಿಯೆರಾದಲ್ಲಿ ಹೀಗೆ ಮೀನು ಬಿಟ್ಟಿದ್ದರಿಂದ ಕಷ್ಟಕ್ಕೆ ಸಿಕ್ಕಿದ್ದು ಕಪ್ಪೆ. ಆ ಕೆರೆಗಳಲ್ಲಿ ಹಳದಿ ಕಾಲಿನ ಒಂದು ಕಪ್ಪೆ ಇದೆ. ಒಂದು ಕಾಲದಲ್ಲಿ ದಡ ತುಂಬ ಇದ್ದವಂತೆ. ನಮ್ಮ ಗದ್ದೆಯ ಗೊದಮೊಟ್ಟೆ ಒಂದೇ ಮಳೆಗಾಲದಲ್ಲಿ ಕಪ್ಪೆಯಾಗುತ್ತೆ. ಅಲ್ಲಿ ಚಳಿಗೆ ಬೆಳವಣಿಗೆ ನಿಧಾನ, ಕಪ್ಪೆಯಾಗೋಕೆ ಎರಡು ಮೂರು ವರ್ಷ ಬೇಕು. ಅಷ್ಟು ವರ್ಷದ ಚಳಿಗಾಲ ಕಳೀಬೇಕು ಅಂದ್ರೆ ತಳದ ತನಕ ಹೆಪ್ಪುಗಟ್ಟದ ಆಳವಾದ ಕೆರೆಯೇ ಬೇಕು. ಮೀನಿಗೂ ಅದೇ ಬೇಕು. ಮೀನು ಗೊದಮೊಟ್ಟೆಯನ್ನ ತಿಂದು ಮುಗಿಸಿತು, ಉಳಿದದ್ದಕ್ಕೆ ಚರ್ಮದ ಶಿಲೀಂಧ್ರ ರೋಗ ಬಂತು. 2014ರಲ್ಲಿ ಆ ಕಪ್ಪೆಯನ್ನ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಮೀನು ಬಿಡೋದನ್ನ 1991ರಲ್ಲೇ ನಿಲ್ಲಿಸಿದ್ದಾರೆ. ಸಿಕ್ವೊಯಾ, ಕಿಂಗ್ಸ್ ಕ್ಯಾನ್ಯನ್ ಉದ್ಯಾನಗಳ ಕೆಲವು ಕೆರೆಗಳಲ್ಲಿ ಬಲೆ ಹಾಕಿ ಮೀನನ್ನ ಪೂರ್ತಿ ತೆಗೆದರು. ತೆಗೆದ ಕಡೆ ಕಪ್ಪೆ ವಾಪಸ್ ಬಂದವು.

ಅದಕ್ಕೇ ಹೇಳ್ತೀನಿ, ಅಲ್ಲಿ ಮೀನು ಹಿಡಿದು ತಿನ್ನೋದರಲ್ಲಿ ನನಗೆ ಪಾಪ ಕಾಣಲಿಲ್ಲ. ಒಪ್ಪಿಗೆಯಾಗದ್ದು ಇನ್ನೊಂದು ಪದ್ಧತಿ, ಹಿಡಿದು, ಫೋಟೊ ತೆಗೆದು, ಬಿಟ್ಟು, ಮತ್ತೆ ಹಿಡಿಯೋದು. ಅಪರೂಪದ ಮೀನಾದರೆ ಬಿಡೋದು ಸರಿ. ಕೆರೆ ತುಂಬ ಬೆಳೆದಿರೋ ಬ್ರೂಕ್ ಟ್ರೌಟನ್ನ ಆಟಕ್ಕೆ ಅಂತ ದಿನವಿಡೀ ನೋಯಿಸೋದು ಯಾಕೆ? ಊಟಕ್ಕೆ ಬೇಕಾದಷ್ಟು ಸಿಕ್ಕಿದ ಕೂಡಲೇ ನಮ್ಮನೆಯವರು ದಾರ ಸುತ್ತಿಟ್ಟರು. ದೊಡ್ಡವನು ಇನ್ನೊಂದೇ ಒಂದು ಅಂತ ಕೇಳಿದ, ಅಜ್ಜ ಒಪ್ಪಲಿಲ್ಲ. ಹುಡುಗ ಅದನ್ನ ಮರೆಯೋದಿಲ್ಲ ಅಂತ ನನ್ನ ನಂಬಿಕೆ.

ಅಡುಗೆ ಏನೂ ಕಷ್ಟ ಇಲ್ಲ. ಟ್ರೌಟಿಗೆ ಹುರುಪೆ ತೀರ ಸಣ್ಣದು, ಕೆರೆಯೋ ಕೆಲಸವೇ ಇಲ್ಲ. ಹೊಟ್ಟೆ ಸೀಳಿ, ಕಿವಿರು ತೆಗೆದು, ಉಪ್ಪು, ಅರಿಶಿನ, ಮೆಣಸಿನಪುಡಿ, ನಿಂಬೆಹುಳಿ ಹಚ್ಚಿಟ್ಟೆ. ಕರುಳನ್ನ ಡೇರೆ ಹತ್ತಿರ ಬಿಸಾಡಬಾರದು, ವಾಸನೆಗೆ ಕರಡಿ ಬರುತ್ತೆ. ಪಾತ್ರೆ ತೊಳೆಯೋದೂ ಕೆರೆಯಿಂದ 200 ಅಡಿ ದೂರ ಬಂದು. ರವೆ ಹೊರಳಿಸಿ ತಗಡಿನ ಬಾಣಲೆಯಲ್ಲಿ ಹುರಿದು ಕೊಟ್ಟರೆ, ಮನೇಲಿ ಮೀನು ಅಂದ್ರೆ ಮೂಗು ಮುಚ್ಚೋ ಚಿಕ್ಕವಳು ಮುಳ್ಳು ಬಿಡಿಸಿ ಬಿಡಿಸಿ ತಿಂದಳು.

ಸೊಳ್ಳೆ ವಿಪರೀತ, ಜುಲೈಯಲ್ಲಂತೂ ಹೇಳತೀರದು. ಆಗಸ್ಟ್ ಕೊನೆಗೆ ಹೋದರೆ ಕಡಿಮೆ. ಮಧ್ಯಾಹ್ನದ ಮೇಲೆ ಗುಡುಗು ಬಂದರೆ ಬಯಲಲ್ಲಿ ನಿಲ್ಲಬೇಡಿ. ದಡದಲ್ಲಿ ಎಲ್ಲಾದರೂ ಹಳದಿ ಕಾಲಿನ ಕಪ್ಪೆ ಕಂಡರೆ ಮುಟ್ಟಬೇಡಿ, ಮಕ್ಕಳಿಗೆ ತೋರಿಸಿ. ಮೀನಿಲ್ಲದ ಕೆರೆ ಸಿಕ್ಕಿದರೆ ಅಯ್ಯೋ ಖಾಲಿ ಅನ್ನಬೇಡಿ, ಅದು ಕಪ್ಪೆಯ ಮನೆ. ಮತ್ತೆ ಒಂದು ಮಾತು, ರಾತ್ರಿ ಅಲ್ಲಿ ಉಳಿಯೋಕೆ ಅರಣ್ಯ ಇಲಾಖೆಯ ಪರ್ಮಿಟ್ ಬೇಕು. ಆರು ತಿಂಗಳು ಮುಂಚೆ ಆನ್‌ಲೈನಲ್ಲಿ ಬಿಡ್ತಾರೆ, ಬೇಗ ಮುಗಿದುಹೋಗುತ್ತೆ. ಉಳಿದ ಕೆಲವನ್ನ ಎರಡು ವಾರ ಮುಂಚೆ ಬಿಡ್ತಾರೆ. ಮಗನಿಗೆ ಇವತ್ತೇ ಫೋನ್ ಮಾಡಿ, ಫೆಬ್ರವರಿಯಲ್ಲೇ ಕೂತು ಬುಕ್ ಮಾಡು ಅಂತ ಹೇಳಿ.